ಟಪಾಲಕ್ಕನ ದಂಡಯಾತ್ರೆ

ಮಹಾವೀರರು ಹುಟ್ಟುವಾಗ ಆಕಾಶದಿಂದ ಹೂಮಳೆ ಸುರಿಯುತ್ತದಂತೆ. ಟಪಾಲಕ್ಕ ಹುಟ್ಟಿದಾಗ ಏನು ಸುರಿಯಿತೋ ಯಾರೂ ಬರೆದಿಟ್ಟಿಲ್ಲ. ಆ ಹೊತ್ತಿಗೆ ಆಕೆಗೆ ಅಕ್ಷರ ಬರುತ್ತಿದ್ದರೆ ಸುರಿದದ್ದನ್ನೆಲ್ಲ ಎಣಿಸಿ, ದಿನಾಂಕ ಹಾಕಿ, ಕ್ರಮಸಂಖ್ಯೆ ಕೊಟ್ಟು, ಸೀಲು ಒತ್ತಿ ಇಟ್ಟಿರುತ್ತಿದ್ದಳು. ಅಂಥ ಹೆಂಗಸು.

ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ತೂಕ ಮತ್ತು ಅಳತೆ ಇಲಾಖೆಯ ಟಪಾಲು ವಿಭಾಗದಲ್ಲಿ ಇಪ್ಪತ್ತಾರು ವರ್ಷ ಒಂದೇ ಕುರ್ಚಿಯಲ್ಲಿ ಕೂತು, ಬಂದ ಕಾಗದಕ್ಕೆ ಆವಕ ಸಂಖ್ಯೆ, ಹೋಗುವ ಕಾಗದಕ್ಕೆ ಜಾವಕ ಸಂಖ್ಯೆ ಬರೆದೂ ಬರೆದೂ ಟಪಾಲಕ್ಕನಾದಳು. ಇಷ್ಟು ವರ್ಷದಲ್ಲಿ ಒಂದು ಸಂಖ್ಯೆ ತಪ್ಪಿಲ್ಲ, ಒಂದು ಅಂಕಿ ತಿದ್ದಿಲ್ಲ. ಶಾಯಿ ಪೆನ್ನಿನಲ್ಲಿ ಬರೆದ ಆಕೆಯ ಅಂಕಿಗಳು ಕವಾಯತಿಗೆ ನಿಂತ ಸಿಪಾಯಿಗಳ ಹಾಗೆ ಎದೆಯುಬ್ಬಿಸಿ ನಿಂತಿರುತ್ತಿದ್ದವು.

ಮನೆಯಲ್ಲೂ ಅದೇ ಆಡಳಿತ. ಸಾರಿಗೆ ಉಪ್ಪು ಜಾಸ್ತಿಯಾಯಿತೆಂದು ಅತ್ತೆ ಗೊಣಗಿದರೆ, "ಅತ್ತೆ, ಇದು ಈ ತಿಂಗಳ ಹದಿನಾಲ್ಕನೇ ದೂರು. ಹದಿಮೂರನೇದು ಇನ್ನೂ ವಿಚಾರಣೇಲಿದೆ, ಸರದಿ ಬರ್ಲಿ" ಅನ್ನುತ್ತಿದ್ದಳು.

"ನೋಡೋ, ನಿನ್ನ ಹೆಂಡ್ತಿ ನನಗೂ ನಂಬರ್ ಕೊಟ್ಟಳು!" ಎಂದು ಅತ್ತೆ ಮಗನಿಗೆ ಹೇಳಿದರೆ, ಆ ಮಹಾರಾಯ ಪೇಪರಿನಿಂದ ತಲೆ ಎತ್ತದೆ, "ನಿನಗೆ ಹದಿನಾಲ್ಕರಲ್ಲೇ ಕೊಟ್ಟಿದ್ದಾಳಲ್ಲಮ್ಮ. ನನ್ನ ದೂರು ಇನ್ನೂ ಸ್ವೀಕಾರವೇ ಆಗಿಲ್ಲ" ಅನ್ನುತ್ತಿದ್ದ.

ಇಂಥ ಟಪಾಲಕ್ಕನಿಗೆ ಐವತ್ತನಾಲ್ಕನೇ ವಯಸ್ಸಿನಲ್ಲಿ ಮಕ್ಕಳ ದೂರು ಆಯುಕ್ತರ ಕಚೇರಿಗೆ ವರ್ಗವಾಯಿತು.

ಅದೊಂದು ವಿಚಿತ್ರ ಕಚೇರಿ. ಶಾಲೆಯೋ ಆಸ್ಪತ್ರೆಯೋ ಹಾಸ್ಟೆಲೋ ಪೊಲೀಸು ಠಾಣೆಯೋ ಒಂದು ಮಗುವಿಗೆ ಅನ್ಯಾಯ ಮಾಡಿದರೆ, ಆ ಮಗು ಯಾವ ದೊಡ್ಡವರ ಶಿಫಾರಸೂ ಇಲ್ಲದೆ ನೇರವಾಗಿ ಇಲ್ಲಿಗೆ ಬರೆಯಬಹುದು. ಆಯುಕ್ತರು ಸರ್ಕಾರದವರೇ ಆದರೂ ಸರ್ಕಾರದ ಕಿವಿ ಹಿಂಡುವುದೇ ಅವರ ಕೆಲಸ. ಯಾವ ಇಲಾಖೆಯನ್ನಾದರೂ ಕರೆಸಿ ಕೇಳಬಹುದು, ಯಾವ ಬಾಗಿಲನ್ನಾದರೂ ಹೇಳದೆ ಕೇಳದೆ ತಟ್ಟಬಹುದು. ಇಲ್ಲಿನ ಮೇಜು ಕುರ್ಚಿಗಳೆಲ್ಲ ಗಿಡ್ಡ. ದೂರಿನ ಪೆಟ್ಟಿಗೆ ನೆಲದಿಂದ ಬರೀ ಎರಡೂವರೆ ಅಡಿ ಎತ್ತರದಲ್ಲಿ. ಟಪಾಲಕ್ಕ ಬಂದ ದಿನವೇ ಟೇಪು ಹಿಡಿದು ಅಳೆದು, "ಯಾರ್ರೀ ಇದನ್ನ ಮೊಳೆ ಹೊಡೆದೋರು? ತೊಡೆಗೆ ತಗಲುತ್ತೆ" ಎಂದು ತಗಾದೆ ತೆಗೆದಿದ್ದಳು.

ಬರುವ ಕಾಗದಗಳೂ ಹಾಗೆಯೇ. ಇಪ್ಪತ್ತಾರು ವರ್ಷ ಕಳ್ಳ ತಕ್ಕಡಿಗಳ ಸುದ್ದಿ ಓದಿದ ಕಣ್ಣಿಗೆ ಈಗ, 'ನಮ್ಮ ತಮ್ಮನನ್ನು ಸರ್ಕಾರ ವಾಪಸು ತೆಗೆದುಕೊಳ್ಳಬೇಕು' ಎಂಬ ಮನವಿ ಬಿತ್ತು. 'ಗಣಿತವನ್ನು ನಿಲ್ಲಿಸಿ' ಎಂಬ ಒಂದೇ ಸಾಲಿನ ಆಜ್ಞೆ ಬಂತು. ಟಪಾಲಕ್ಕ ಎಲ್ಲಕ್ಕೂ ಒಂದೇ ಗಾಂಭೀರ್ಯದಿಂದ ಆವಕ ಸಂಖ್ಯೆ ಕೊಟ್ಟಳು. ಇಂಥವುಗಳ ನಡುವೆ ಒಮ್ಮೊಮ್ಮೆ ಪೆನ್ನು ಕೆಳಗಿಡಿಸುವ ಕಾಗದವೂ ಬರುತ್ತಿತ್ತು. ಅದಕ್ಕೇ ಈ ಕಚೇರಿ ಇದ್ದದ್ದು.

ಎರಡು ತಿಂಗಳಾಗುವ ಹೊತ್ತಿಗೆ ಅಂಥದೊಂದು ಬಂತು:

'ಆಯುಕ್ತರಿಗೆ. ನಾನು ನಾಲ್ಕನೇ ಕ್ಲಾಸು. ನಮ್ಮ ಶಾಲೆಯ ಶೌಚಾಲಯ ತುಂಬಾ ಚೆನ್ನಾಗಿದೆ. ಆದರೆ ಬೀಗ ಹಾಕಿದ್ದಾರೆ. ಹೆಡ್‌ಮಾಸ್ಟರು ಬೀಗದ ಕೈ ಕೊಡುವುದಿಲ್ಲ. ಒಂದಕ್ಕೆ ಬಂದರೆ ತಡೆದುಕೋ, ಎರಡಕ್ಕೆ ಬಂದರೆ ಮನೆಗೆ ಹೋಗು ಅನ್ನುತ್ತಾರೆ. ಹುಡುಗಿಯರು ಯಾರೂ ಬೆಳಿಗ್ಗೆಯಿಂದ ನೀರು ಕುಡಿಯುವುದಿಲ್ಲ. ನನಗೆ ಹೊಟ್ಟೆ ನೋವು ಬಂದು ಡಾಕ್ಟರು ಚೆನ್ನಾಗಿ ನೀರು ಕುಡಿ ಅಂದರು. ಡಾಕ್ಟರಿಗೆ ನಮ್ಮ ಹೆಡ್‌ಮಾಸ್ಟರ ಪರಿಚಯ ಇಲ್ಲ. ಹೋದ ವರ್ಷ ಐದನೇ ಕ್ಲಾಸಿನ ಅಕ್ಕ ಒಬ್ಬಳು ಇದನ್ನೇ ಚೀಟಿ ಬರೆದು ಕೊಟ್ಟಿದ್ದಳು. ಆ ಚೀಟಿಯನ್ನು ಅವಳ ಕೈಯಲ್ಲೇ ಪ್ರಾರ್ಥನೆ ಹೊತ್ತಿನಲ್ಲಿ ಎಲ್ಲರ ಮುಂದೆ ಓದಿಸಿದರು. ಆಮೇಲೆ ಅವಳು ಶಾಲೆಗೆ ಬರಲಿಲ್ಲ. ಅದಕ್ಕೆ ನನ್ನ ಹೆಸರು ಹೇಳಬೇಡಿ. ನನ್ನ ಹೆಸರು ಕೆಳಗಡೆ ಇದೆ.'

ಕೆಳಗಡೆ ಹೆಸರು, ಕ್ಲಾಸು, ಹಾಜರಿ ಸಂಖ್ಯೆ ಎಲ್ಲ ದುಂಡಗೆ ಇದ್ದವು.

ಟಪಾಲಕ್ಕ ಮೂಗು ಒರೆಸಿಕೊಂಡು ರಣಕ್ಕಿಳಿದಳು. 'ದೂರಿನ ಬಗ್ಗೆ ಏಳು ದಿನದೊಳಗೆ ವರದಿ ಸಲ್ಲಿಸತಕ್ಕದ್ದು' ಎಂದು ಹೆಡ್‌ಮಾಸ್ಟರಿಗೆ ಪತ್ರ ಟೈಪು ಮಾಡಿ, ಆಯುಕ್ತೆ ಮೇಡಂ ಅವರ ಸಹಿ ಹಾಕಿಸಿ, ಲಕೋಟೆಗೆ ತುಂಬಿ ಅಂಟಿಸಿದಳು. ಮೇಲೆ ಜಾವಕ ಸಂಖ್ಯೆ ಬರೆದು, ಕೆಂಪು ಶಾಯಿಯಲ್ಲಿ 'ತುರ್ತು' ಎಂದು ಗೀಚಿದಳು. ಅಂಚೆಯಲ್ಲಿ ಹೋದರೆ ತಡವಾದೀತೆಂದು ಸೈಕಲ್ ಜವಾನನನ್ನು ಕರೆದು, "ದಾರೀಲಿ ಎಲ್ಲೂ ಹರಟೆ ಹೊಡೀತಾ ನಿಲ್ಬೇಡ. ಒಂದು ಮಗು ಕಾಯ್ತಾ ಇದೆ" ಎಂದು ಗದರಿಸಿ ಅಟ್ಟಿದಳು.

ಹನ್ನೊಂದೂವರೆಗೆ ಹೊರಟರೆ ಮೂರು ಕಡೆ ಮಾತಿಗೆ ಕೂತು ಸಂಜೆ ತಲುಪುವುದು ಆ ಜವಾನನ ಸಂಪ್ರದಾಯ. ಅವತ್ತು ಮಾತ್ರ ಅವನ ಮನಸ್ಸು ಕರಗಿಬಿಟ್ಟಿತು. ಹಿಂದೆ ಮುಂದೆ ನೋಡದೆ ತುಳಿದು, ಪತ್ರ ಕೊಟ್ಟು, ಸಹಿ ಹಾಕಿಸಿಕೊಂಡು ಒಂದೂಕಾಲಿಗೆ ವಾಪಸು ಬಂದು ಬೆವರು ಒರೆಸುತ್ತಾ ನಿಂತ.

ಅದೇ ಹೊತ್ತಿಗೆ ಮೇಡಂ ಕರೆದರು. "ಆ ಶೌಚಾಲಯದ ಪತ್ರದಲ್ಲಿ ಮಗುವಿನ ಸುಳಿವು ಎಲ್ಲೂ ಇಲ್ಲ ತಾನೆ? ಹೆಸರು ಈ ಬಾಗಿಲು ದಾಟಬಾರದು ಅನ್ನೋದೇ ನಮ್ಮ ಮೊದಲನೇ ನಿಯಮ, ಗೊತ್ತಲ್ಲ?"

"ಗೊತ್ತು ಮೇಡಂ. ಪತ್ರದಲ್ಲಿ ಒಂದಕ್ಷರ ಇಲ್ಲ" ಎಂದು ಟಪಾಲಕ್ಕ ಎದೆ ತಟ್ಟಿ ಹೇಳಿದಳು. ಹೇಳುತ್ತಿದ್ದ ಹಾಗೆಯೇ ಆ ಎದೆ ಧಸಕ್ಕೆಂದಿತು.

ಪತ್ರದಲ್ಲಿ ಇರಲಿಲ್ಲ, ನಿಜ. ಪತ್ರದ ಹಿಂದೆ ಇತ್ತು. ತೂಕ ಮತ್ತು ಅಳತೆಯಲ್ಲಿ ದೂರು ಯಾರ ಮೇಲೋ ಅವರಿಗೇ ದೂರಿನ ನಕಲು ಕಳಿಸುವುದು ಪದ್ಧತಿ. ಯಾವ ಗಿರಾಕಿಗೆ ಎಷ್ಟು ಕಡಿಮೆ ತೂಗಿದೆ ಎಂದು ಅಂಗಡಿಯವನಿಗೆ ಗೊತ್ತಾಗಬೇಡವೇ? ಇಪ್ಪತ್ತಾರು ವರ್ಷ ನಕಲು ತೆಗೆದು ಪಿನ್ನು ಚುಚ್ಚಿದ ಕೈ, ಇವತ್ತೂ ತಲೆಯನ್ನು ಕೇಳದೆ ತನ್ನ ಪಾಡಿಗೆ ತಾನು ನಕಲು ತೆಗೆದು ಪಿನ್ನು ಚುಚ್ಚಿಬಿಟ್ಟಿತ್ತು.

"ಹೋಯ್ತು ಮೇಡಂ. ಹೆಸರು ಬಾಗಿಲು ದಾಟಿ, ಸೈಕಲ್ ಹತ್ತಿ, ಸಹಿ ಹಾಕಿಸ್ಕೊಂಡೂ ಬಂತು" ಎಂದು ಟಪಾಲಕ್ಕ ಅಲ್ಲಿದ್ದ ಗಿಡ್ಡ ಕುರ್ಚಿಯಲ್ಲಿ ಕುಸಿದಳು.

ಮೇಡಂ ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. "ಫೋನ್ ಮಾಡಿದ್ರೆ ಅವರು ಮೊದಲು ಅದನ್ನೇ ಒಡೆದು ಓದ್ತಾರೆ. ನನಗೆ ಎರಡು ಗಂಟೆಗೆ ಆಸ್ಪತ್ರೆಯವರ ವಿಚಾರಣೆ ಇದೆ. ನೀವೇ ಹೋಗಿ. ಆ ಲಕೋಟೆ ಒಡೆಯೋ ಮುಂಚೆ ವಾಪಸು ಬರ್ಬೇಕು. ಆ ಮಗೂನ ನಾಳೆ ಬೆಳಿಗ್ಗೆ ಎಲ್ಲರ ಮುಂದೆ ನಿಲ್ಲಿಸಿದ್ರೆ, ಇನ್ನು ಈ ಊರಲ್ಲಿ ಯಾವ ಮಗುವೂ ನಮಗೆ ಬರೆಯಲ್ಲ."

ಕಚೇರಿಯ ಹೊತ್ತಿನಲ್ಲಿ ಹೊರಗೆ ಹೋಗುವವರು ಚಲನವಲನ ವಹಿಯಲ್ಲಿ ಕಾರಣ ಬರೆಯಬೇಕು. ಟಪಾಲಕ್ಕ ತನ್ನ ನೌಕರಿಯಲ್ಲೇ ಮೊದಲ ಬಾರಿಗೆ ಅದರಲ್ಲಿ ಬರೆದಳು: 'ಕಾರಣ: ತಪ್ಪು. ಸ್ವಂತದ್ದು.' ಸೆರಗು ಬಿಗಿದಳು. ಕೈಚೀಲ ಹೆಗಲಿಗೇರಿಸಿದಳು. ಮೂತ್ರಪಿಂಡದಲ್ಲಿ ಕಲ್ಲಿದೆ, ದಿನಕ್ಕೆ ಮೂರು ಲೀಟರ್ ಕುಡಿಯಲೇಬೇಕು ಎಂದು ಡಾಕ್ಟರು ಹೇಳಿದ್ದರಿಂದ ಅಷ್ಟೂ ಹಿಡಿಯುವ ದೊಡ್ಡ ಬಾಟಲಿಯನ್ನೂ ಗದೆಯ ಹಾಗೆ ಹಿಡಿದು ಬಸ್ಸು ಹತ್ತಿದಳು.

ಬಸ್ಸು ಪ್ರತಿ ನಿಲ್ದಾಣದಲ್ಲೂ ಆಕಳಿಸಿ ನಿಂತಿತು. ಟಪಾಲಕ್ಕನಿಗೆ ಗಂಟಲ ಪಸೆ ಆರುತ್ತಿತ್ತು, ಆರಿದಾಗಲೆಲ್ಲ ಕುಡಿದಳು.

"ಅಕ್ಕಾ, ನಿಧಾನ. ನೀರೇನು ಬಸ್ಸಿಳಿದು ಓಡಿಹೋಗಲ್ಲ" ಎಂದ ಕಂಡಕ್ಟರು.

"ನಿಮ್ಮ ಬಸ್ಸಿಗಿಂತ ಅದೇ ಜೋರಾಗಿ ಓಡುತ್ತೆ ಬಿಡಪ್ಪ" ಎಂದಳು ಟಪಾಲಕ್ಕ. ಇಳಿಯುವಾಗ ಬಾಟಲಿ ಖಾಲಿ.

ಶಾಲೆ ತಲುಪಿದಾಗ ಎರಡೂ ಮುಕ್ಕಾಲು. ಉದ್ದನೆಯ ಓಣಿಯಂಥ ವರಾಂಡ, ಅದರ ಕೊನೆಯಲ್ಲಿ ಆಫೀಸು ಕೋಣೆ. ಅಲ್ಲಿ ಶಾಲೆಯ ಗುಮಾಸ್ತರು ಕೂತಿದ್ದರು. ತೆಳ್ಳಗಿನ ಮನುಷ್ಯ, ಮೂಗಿನ ತುದಿಯಲ್ಲಿ ಕನ್ನಡಕ. ಮೇಜಿನ ಮೇಲೆ ರೂಲು ಹಿಡಿದು ಜೋಡಿಸಿದಂತೆ ವಹಿ, ಶಾಯಿ, ಸೀಲು, ಸ್ಪಂಜಿನ ಬಟ್ಟಲು. ನೋಡಿದ ಕೂಡಲೇ ಟಪಾಲಕ್ಕನಿಗೆ ಅರ್ಥವಾಯಿತು: ಈತ ತನ್ನ ಜಾತಿಯವನು, ಟಪಾಲು ಜಾತಿ. ತಟ್ಟೆಯಲ್ಲಿ ಆ ಲಕೋಟೆ ಕೆಂಪು 'ತುರ್ತು' ತೋರಿಸುತ್ತಾ ಮಲಗಿತ್ತು. ಒಡೆದಿರಲಿಲ್ಲ!

"ಇದು ತುರ್ತು ಅಂತ ಇದೆಯಲ್ಲ ಸಾರ್?" ಎಂದಳು.

"ಇರ್ಲಿ ತಾಯಿ. ಎಲ್ಲರೂ ತುರ್ತು ಅಂತಾನೇ ಬರೀತಾರೆ. ಇಲ್ಲಿ ಲಕೋಟೆ ಒಡೆಯೋದು ಮೂರು ಗಂಟೆಗೆ. ಒಡೆದು, ನಂಬರ್ ಹಾಕಿ, ಹೆಡ್‌ಮಾಸ್ಟರ ಮೇಜಿಗೆ. ಇಪ್ಪತ್ತೆರಡು ವರ್ಷದಿಂದ ಹಾಗೇ."

ಬೇರೆ ದಿನವಾಗಿದ್ದರೆ ಟಪಾಲಕ್ಕ ಈ ಮಹಾನುಭಾವನ ಕೈ ಕುಲುಕುತ್ತಿದ್ದಳು. "ಅದು ನಮ್ಮ ಕಚೇರೀದು ಸಾರ್. ಒಂದು ತಪ್ಪಾಗಿದೆ. ವಾಪಸು ಕೊಟ್ಟುಬಿಡಿ, ನಾಳೆ ಬೇರೆ ತರ್ತೀನಿ."

ಗುಮಾಸ್ತರು ಕನ್ನಡಕದ ಮೇಲಿಂದ ನೋಡಿದರು. "ನಿಮ್ಮ ಜವಾನನ ಪುಸ್ತಕದಲ್ಲಿ ಸಹಿ ಹಾಕಿದ್ದೀನಿ. ಸಹಿ ಬಿದ್ದ ಮೇಲೆ ಅದು ಈ ಶಾಲೆಯ ಸ್ವತ್ತು. ನೀವೇ ಟಪಾಲಿನವರು, ನೀವೇ ಹೀಗೆ ಕೇಳಬಹುದೇ?"

ಕೇಳಬಾರದು. ತಾನಾಗಿದ್ದರೂ ಕೊಡುತ್ತಿರಲಿಲ್ಲ. ಗೋಡೆ ಗಡಿಯಾರದಲ್ಲಿ ಮೂರಕ್ಕೆ ಒಂಬತ್ತು ನಿಮಿಷ. ಹೊಟ್ಟೆಯೊಳಗೆ ಮೂರು ಲೀಟರ್ ನೀರು ಬೇರೆ ತನ್ನ ಅಹವಾಲು ಹೇಳಲು ಶುರು ಮಾಡಿತ್ತು. ಟಪಾಲಕ್ಕನ ತಲೆಯಲ್ಲಿ ಒಂದು ಯೋಚನೆ ಬಂತು. ಬೇರೆಯವರಿಗೆ ಅದು ಸಣ್ಣ ಸಂಗತಿ, ಆಕೆಗೆ ಮಾತ್ರ ಪ್ರಾಣತ್ಯಾಗ.

"ಕೊಡಬೇಡಿ ಸಾರ್. ಲಕೋಟೆ ಮೇಲೆ ವಿಳಾಸ ಸರಿಯಾಗಿ ಬರೆದಿದ್ದೀನಾ, ಒಂದ್ಸಲ ತೋರಿಸಿ ಸಾಕು."

ಕುಲಬಾಂಧವಿ ಎಂಬ ಮರ್ಯಾದೆಗೆ ಗುಮಾಸ್ತರು ಲಕೋಟೆಯನ್ನು ಎರಡು ಬೆರಳಲ್ಲಿ ಹಿಡಿದು ಮುಂದೆ ಚಾಚಿದರು. ಟಪಾಲಕ್ಕ ಹಣೆಯ ಬೆವರು ಒರೆಸಿಕೊಂಡಳು. ಒದ್ದೆ ಹೆಬ್ಬೆರಳನ್ನು ಜಾವಕ ಸಂಖ್ಯೆಯ ಮೇಲಿಟ್ಟು, ಕಣ್ಣು ಮುಚ್ಚಿ, ಎಡದಿಂದ ಬಲಕ್ಕೆ ಒಮ್ಮೆ ಎಳೆದಳು. ಎದೆಯುಬ್ಬಿಸಿ ನಿಂತಿದ್ದ ಸಿಪಾಯಿಗಳು ಸಾಲಾಗಿ ನೆಲಕ್ಕುರುಳಿ ನೀಲಿ ಕೆಸರಾದರು.

"ಅಯ್ಯಯ್ಯೋ!" ಎಂದರು ಗುಮಾಸ್ತರು, ತಮ್ಮ ಮಗುವೇ ಬಿದ್ದ ಹಾಗೆ.

"ಅಯ್ಯೋ ಸಾರ್, ನಂಬರೇ ಕಾಣ್ತಿಲ್ವಲ್ಲ!" ಎಂದಳು ಟಪಾಲಕ್ಕ. "ಈಗ ನಿಮ್ಮ ವಹೀಲಿ ಏನಂತ ಬರ್ಕೋತೀರಿ?"

ಗುಮಾಸ್ತರು ವಹಿಯನ್ನು ನೋಡಿದರು, ಲಕೋಟೆಯನ್ನು ನೋಡಿದರು. ಕಳಿಸಿದವರ ಸಂಖ್ಯೆಯಿಲ್ಲದ ಕಾಗದವನ್ನು ಇಪ್ಪತ್ತೆರಡು ವರ್ಷದಲ್ಲಿ ಅವರು ದಾಖಲು ಮಾಡಿದ್ದಿಲ್ಲ. ಆಮೇಲೆ ಆಕೆಯ ನೀಲಿ ಹೆಬ್ಬೆರಳನ್ನೂ ನೋಡಿದರು. ಕೊನೆಗೆ ಪೆನ್ನು ತೆಗೆದು, 'ಸಂಖ್ಯೆ ಅಸ್ಪಷ್ಟ. ಕಳಿಸಿದವರಿಗೇ ವಾಪಸು' ಎಂದು ಬರೆದು, ಸಹಿ ಹಾಕಿಸಿಕೊಂಡು ಲಕೋಟೆಯನ್ನು ಆಕೆಯ ಕೈಗಿತ್ತರು.

"ನಿಮ್ಮಂಥವರು ನಂಬರ್ ಅಳಿಸ್ಬೇಕಾದ್ರೆ ಒಳಗೆ ಏನೋ ದೊಡ್ಡದೇ ಇರ್ಬೇಕು. ನನಗೆ ಹೇಳ್ಬೇಡಿ" ಎಂದರು ಮೆಲ್ಲಗೆ.

ಲಕೋಟೆ ಚೀಲ ಸೇರುವುದಕ್ಕೂ ಹೆಡ್‌ಮಾಸ್ಟರು ಬಾಗಿಲಲ್ಲಿ ಕಾಣಿಸುವುದಕ್ಕೂ ಸರಿಹೋಯಿತು. ದುಂಡನೆಯ ದೇಹ, ಸೊಂಟದಲ್ಲಿ ಬೀಗದ ಕೈ ಗೊಂಚಲು. ನಡೆದರೆ ಗಾಡಿ ಬಂದ ಹಾಗೆ ಸದ್ದು.

"ಯಾರು ಇವರು?"

"ಮಕ್ಕಳ ದೂರು ಕಚೇರಿಯವರಂತೆ" ಎಂದರು ಗುಮಾಸ್ತರು.

ಹೆಡ್‌ಮಾಸ್ಟರ ಹುಬ್ಬು ಗಂಟಿಕ್ಕಿತು. "ದೂರಾ? ನಮ್ಮ ಶಾಲೇಲಿ ಯಾರು ಕೊಟ್ಟಿದ್ದು?"

ಟಪಾಲಕ್ಕನಿಗೆ ಸುಳ್ಳು ಹೇಳಲು ಬಾರದು, ನಿಜ ಹೇಳುವಂತಿಲ್ಲ. ಆಗ ಮೂರು ಲೀಟರ್ ನೀರೇ ಆಕೆಯ ಪರವಾಗಿ ಮಾತಾಡಿತು.

"ಸಾರ್, ಮೊದಲು ಶೌಚಾಲಯ ಎಲ್ಲಿದೆ ಹೇಳಿ. ಉಳಿದದ್ದೆಲ್ಲ ಆಮೇಲೆ."

ಹೆಡ್‌ಮಾಸ್ಟರ ಮುಖ ಮೊರದಗಲವಾಯಿತು. "ಓಹೋ, ಅದನ್ನ ನೋಡೋಕೆ ಬಂದ್ರಾ! ಬನ್ನಿ ಬನ್ನಿ!" ಎಂದು ವರಾಂಡದ ಉದ್ದಕ್ಕೂ ಕರೆದೊಯ್ದರು. ಗೋಡೆಯ ಮೇಲೆ ಮೂರು ಫಲಕಗಳು: ಅತ್ಯಂತ ಸ್ವಚ್ಛ ಶೌಚಾಲಯ, ಮೊದಲ ಬಹುಮಾನ, ಸತತ ಮೂರು ವರ್ಷ. ಆಚೆ ಕೊನೆಯಲ್ಲಿ ಬಾಗಿಲು, ಬಾಗಿಲಿಗೆ ತೆಂಗಿನಕಾಯಿ ಗಾತ್ರದ ಬೀಗ, ಪಕ್ಕದಲ್ಲಿ ಗಾಜಿನ ಕಿಟಕಿ. ಒಳಗೆ ಬಿಳಿ ಟೈಲುಗಳು ಕಣ್ಣು ಕೋರೈಸುತ್ತಿದ್ದವು.

"ನೋಡಿ! ಮೂರು ವರ್ಷದಿಂದ ಒಂದೇ ಒಂದು ಹನಿ ಬಿದ್ದಿಲ್ಲ!"

"ಇವತ್ತು ಬೀಳ್ಲಿ ಸಾರ್. ಬೀಗ ತೆಗೀರಿ."

"ಛೆ ಛೆ, ನಾಳೆ ಬಹುಮಾನದ ತಪಾಸಣೆ ಇದೆ. ಬೆಳಿಗ್ಗೆ ತಾನೇ ಪಾಲಿಶ್ ಮಾಡಿಸಿದ್ದೀನಿ."

"ಮತ್ತೆ ಮಕ್ಕಳು ಎಲ್ಲಿಗೆ ಹೋಗ್ತಾರೆ?"

"ಮನೇಲೇ ಮುಗಿಸ್ಕೊಂಡು ಬರ್ಬೇಕು. ಅದೇ ಅಲ್ವೇ ಶಿಸ್ತು ಅಂದ್ರೆ?"

ಟಪಾಲಕ್ಕ ಕಾಲು ಹೆಣೆದುಕೊಂಡು ಗೋಡೆಗೊರಗಿದಳು. ಕಣ್ಣಲ್ಲಿ ನೀರು ತುಂಬಿತು. ಅಲ್ಲಾದರೂ ತುಂಬಲು ಜಾಗವಿತ್ತು. ಐವತ್ತನಾಲ್ಕು ವರ್ಷದ ಸರ್ಕಾರಿ ನೌಕರಳಿಗೇ ಹೀಗಾದರೆ, ಒಂಬತ್ತು ವರ್ಷದ ಮಗು ಗಣಿತದ ಪೀರಿಯಡ್ಡಿನಲ್ಲಿ ಏನು ಮಾಡುತ್ತಿತ್ತು? ಸಿಟ್ಟು ನೆತ್ತಿಗೇರಿತು. ಏರಿದ ಸಿಟ್ಟು, ಇಂಥವರಿಗೆ ಎಲ್ಲಿ ಇಳಿಯಬೇಕೋ ಅಲ್ಲಿಗೇ ಇಳಿಯಿತು, ಕಾಗದಕ್ಕೆ.

"ಹಾಗಾದ್ರೆ ನಾನು ಲಿಖಿತವಾಗಿ ಕೇಳ್ತೀನಿ. ನೀವೂ ಲಿಖಿತವಾಗೇ ಹೇಳಿ" ಎಂದಳು.

ಕಿಟಕಿಯ ಕಟ್ಟೆಯ ಮೇಲೆ ಹಾಳೆಯಿಟ್ಟು, ಕಾಲಿಂದ ಕಾಲಿಗೆ ಭಾರ ಬದಲಾಯಿಸುತ್ತಾ ಬರೆದಳು: 'ಮಾನ್ಯರೇ, ನನಗೆ ಅವಸರವಾಗಿರುವುದರಿಂದ ಶಾಲೆಯ ಶೌಚಾಲಯ ಬಳಸಲು ಅನುಮತಿ ಕೋರುತ್ತೇನೆ.' ಹೆಡ್‌ಮಾಸ್ಟರಿಗೆ ಒಂದು ದೌರ್ಬಲ್ಯವಿತ್ತು. ಎದುರಿಗೆ ಅರ್ಜಿ ಬಂದರೆ ಅದರ ಮೇಲೆ ಷರಾ ಬರೆಯದಿದ್ದರೆ ಅವರಿಗೆ ಅನ್ನ ಸೇರುತ್ತಿರಲಿಲ್ಲ. ಹಸಿರು ಪೆನ್ನು ತೆಗೆದು, ಅಲಂಕಾರವಾಗಿ ಬರೆದರು: 'ತಿರಸ್ಕರಿಸಲಾಗಿದೆ. ಮಕ್ಕಳಿಗೇ ಮೂರು ವರ್ಷದಿಂದ ತೆರೆಯದ ಬೀಗವನ್ನು ಹೊರಗಿನವರಿಗೆ ತೆರೆಯಲು ಅವಕಾಶವಿಲ್ಲ.' ಸಹಿ, ದಿನಾಂಕ. ಸೀಲು ಹಾಕಲು ಗುಮಾಸ್ತರನ್ನು ಕೂಗಿದರು.

ಗುಮಾಸ್ತರು ಬಂದು ಓದಿದರು. ಇಷ್ಟು ಸೊಗಸಾಗಿ ತನ್ನ ಕುತ್ತಿಗೆಗೆ ತಾನೇ ಉರುಳು ಹಾಕಿಕೊಂಡವರನ್ನು ಅವರು ಕಂಡಿರಲಿಲ್ಲ. ಸೀಲನ್ನು ಬಲವಾಗಿ, ಅಕ್ಷರ ಅಕ್ಷರವೂ ಮೂಡುವಂತೆ ಒತ್ತಿದರು. ಆಮೇಲೆ ಟಪಾಲಕ್ಕನನ್ನು ಗೇಟಿನ ತನಕ ಬಿಡುವ ನೆಪದಲ್ಲಿ ಪಿಸುಗುಟ್ಟಿದರು: "ಎದುರುಗಡೆ ಇಸ್ತ್ರಿ ಅಂಗಡಿ ಇದೆ. ಅದರ ಹಿಂದೆ ಹೋಗಿ. ನಾನೂ ಅಲ್ಲಿಗೇ ಹೋಗೋದು."

ಮುಂದಿನ ಐದು ನಿಮಿಷದ ಬಗ್ಗೆ ಹೇಳುವುದೇನೂ ಇಲ್ಲ. ಜಯಶಾಲಿಗಳ ಖಾಸಗಿ ಸಂಗತಿ.

ಸಂಜೆ ಮೇಡಂ ಮೊದಲು ಒಡೆಯದ ಲಕೋಟೆಯನ್ನು ಮುಟ್ಟಿ ನೋಡಿದರು, ಆಮೇಲೆ ಆಕೆಯ ನೀಲಿ ಹೆಬ್ಬೆರಳನ್ನು. ಟಪಾಲಕ್ಕ ಎಲ್ಲವನ್ನೂ ಒಪ್ಪಿಸಿದಳು, ಇಸ್ತ್ರಿ ಅಂಗಡಿಯನ್ನೂ ಬಿಡದೆ.

"ನಿಮ್ಮ ತಪ್ಪಿಗೆ ನಾಳೆ ಒಂದು ಮೆಮೊ ಕೊಡ್ತೀನಿ" ಎಂದರು ಮೇಡಂ.

"ಕೊಡಿ ಮೇಡಂ. ನಾನೇ ನಂಬರ್ ಹಾಕ್ಕೋತೀನಿ."

"ಆದ್ರೆ ಈ ಅರ್ಜಿ ಇದೆಯಲ್ಲ..." ಮೇಡಂ ಹಸಿರು ಷರಾವನ್ನು ಮತ್ತೆ ಓದಿದರು. ಮುಖದಲ್ಲಿ ನಗು ತಡೆಯಲಾಗಲಿಲ್ಲ. "ಇದು ಸಿಕ್ಕ ಮೇಲೆ ಮಗುವಿನ ಕಾಗದವನ್ನ ಯಾರಿಗೂ ತೋರಿಸ್ಬೇಕಾಗಿಲ್ಲ. ನಾನೇ ಸ್ವಂತವಾಗಿ ಕೇಸು ತಗೋತೀನಿ. ನೊಂದವರು ಯಾರು ಅಂತ ಕೇಳಿದ್ರೆ?"

"ನಾನೇ ಮೇಡಂ. ಹೆಸರು ಹಾಕಿ. ಪೂರ್ತಿ ಹೆಸರೇ ಹಾಕಿ."

ಮರುದಿನ ಬಹುಮಾನದ ತಪಾಸಕರ ಜೊತೆಗೆ ಆಯುಕ್ತೆಯೂ ಹೋದರು, ಹಿಂದೆಯೇ ಟಪಾಲಕ್ಕ. ಹೆಡ್‌ಮಾಸ್ಟರು ತಮ್ಮದೇ ಷರಾವನ್ನು ತಾವೇ ಓದಿ, ಈ ಅಕ್ಷರ ತಮ್ಮದಲ್ಲ ಎನ್ನಲು ಬಾಯಿ ತೆರೆದು, ಸೀಲು ನೋಡಿ ಮುಚ್ಚಿದರು. ಶಾಲೆಯ ಹೊತ್ತಿನಲ್ಲಿ ಇನ್ನು ಯಾವತ್ತೂ ಆ ಬಾಗಿಲಿಗೆ ಬೀಗ ಬೀಳಕೂಡದು, ವಾರಕ್ಕೊಮ್ಮೆ ಕಚೇರಿಯಿಂದ ಯಾರಾದರೂ ಹೇಳದೆ ಬಂದು ನೋಡತಕ್ಕದ್ದು ಎಂದು ಮೇಡಂ ಅಲ್ಲೇ ನಿಂತು ಆದೇಶ ಬರೆಸಿದರು. ಐದನೇ ಕ್ಲಾಸಿನಲ್ಲಿದ್ದು ಶಾಲೆ ಬಿಟ್ಟ ಆ ಹುಡುಗಿಯ ವಿಳಾಸವನ್ನು ಮೇಡಂ ಕೇಳುವ ಮೊದಲೇ ಗುಮಾಸ್ತರು ದಾಖಲಾತಿ ಪುಸ್ತಕದಿಂದ ತೆಗೆದುಕೊಟ್ಟರು.

ಬೀಗ ಬಿಚ್ಚಿತು. ಗಂಟೆ ಹೊಡೆಯಿತು. ಹುಡುಗಿಯರ ಸಾಲು ವರಾಂಡ ದಾಟಿ, ಮೆಟ್ಟಿಲಿಳಿದು, ಗೇಟಿನವರೆಗೂ ಬೆಳೆಯಿತು. ಮೊದಲ ಹನಿಯ ಸದ್ದಿಗೆ ಹೆಡ್‌ಮಾಸ್ಟರು ಕಣ್ಣು ಮುಚ್ಚಿಕೊಂಡರು. ಟಪಾಲಕ್ಕ ಗೋಡೆಯ ಪಕ್ಕ ನಿಂತು ಒಬ್ಬೊಬ್ಬಳ ಮುಖವನ್ನೂ ನೋಡಿದಳು. ಹೆಸರು ಆಕೆಗೆ ಬಾಯಿಪಾಠವಿತ್ತು; ಯಾವ ಮುಖದ್ದೆಂದು ಗೊತ್ತಿರಲಿಲ್ಲ, ಕೇಳಲೂ ಇಲ್ಲ.

ಒಳಗೆ ಹೋಗಿದ್ದವಳೊಬ್ಬಳು, ಎರಡು ಜಡೆಯ ಪುಟ್ಟ ಹುಡುಗಿ, ಒದ್ದೆ ಕೈಯನ್ನು ಲಂಗಕ್ಕೆ ಒರೆಸುತ್ತಾ ಹೊರಗೆ ಬಂದಳು. ಹೆಡ್‌ಮಾಸ್ಟರ ಎದುರಿಗೇ ನಿಂತು, ತಲೆಯೆತ್ತಿ, ಇಡೀ ಸಾಲಿಗೆ ಕೇಳುವ ಹಾಗೆ ಹೇಳಿದಳು:

"ಸಾರ್, ಒಳಗೆ ಸೋಪಿಲ್ಲ."

ಹೆಡ್‌ಮಾಸ್ಟರು ಮೇಡಂ ಕಡೆ ನೋಡಿದರು, ತಪಾಸಕರ ಕಡೆ ನೋಡಿದರು, ಕೊನೆಗೆ ಟಪಾಲಕ್ಕನ ಕಡೆ ನೋಡಿದರು. ಆಕೆ ಆಗಲೇ ಪೆನ್ನಿನ ಮುಚ್ಚಳ ತೆಗೆದಾಗಿತ್ತು.

"ತರ್ಸ್ತೀನಮ್ಮ" ಎಂದರು ಹೆಡ್‌ಮಾಸ್ಟರು.

"ಇವತ್ತೇನಾ ಸಾರ್?" ಎಂದಳು ಹುಡುಗಿ.